ಗುರುವಿನ ಚಂದ್ರರಿಗೊಂದು ಕೀರ್ದಿ

ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡಿಕೊಂಡಿದ್ದ ನಮ್ಮ ತಂದೆಯವರಿಗೆ, ಅಂಗಡಿಯ ಬಾಗಿಲು ಹಾಕುವ ಮುನ್ನ ಅಂದಿನ ಕೀರ್ದಿಯನ್ನು ಬರೆದು ಮುಗಿಸದ ಹೊರತು ಊಟದ ನೆನಪೇ ಆಗುತ್ತಿರಲಿಲ್ಲ. ಯಾವ ತೋಟದಿಂದ ಎಷ್ಟು ಪೆಂಡಿ ಬಂದಿತು, ಯಾವ ಊರಿಗೆ ಎಷ್ಟು ಹೋಯಿತು, ಎಷ್ಟು ಎಲೆ ಕೊಳೆತು ಹೊರಗೆ ಚೆಲ್ಲಬೇಕಾಯಿತು ಎಂಬುದನ್ನೆಲ್ಲ ಬರೆದಿಡುವುದು ಸಹಜವೇ. ಆದರೆ ಜಡಿಮಳೆ ಹಿಡಿದು ಒಂದು ಪೆಂಡಿಯೂ ಕದಲದೆ ಸಂಜೆಯಾದ ದಿನಗಳಲ್ಲಿಯೂ ಅವರು ವಹಿಯನ್ನು ಬಿಚ್ಚಿ, ತಾರೀಖು ತಿಥಿಗಳನ್ನು ಕಾಣಿಸಿ, ಕೆಳಗೆ ‘ವ್ಯಾಪಾರ ಇಲ್ಲ’ ಎಂಬ ಎರಡು ಶಬ್ದಗಳನ್ನು ಅಷ್ಟೇ ನಿಷ್ಠೆಯಿಂದ ಬರೆಯುತ್ತಿದ್ದುದು ಬಾಲಕನಾದ ನನಗೆ ನಗೆ ತರಿಸುತ್ತಿತ್ತು. ಒಮ್ಮೆ ಕೇಳಿಯೇ ಬಿಟ್ಟೆ. “ಬರೀಲಿಲ್ಲಂದ್ರ ಅವತ್ತ ವ್ಯಾಪಾರ ಇರಲಿಲ್ಲೋ, ನಾನ ಬರಿಯೋದು ಮರತೆನೋ, ನಾಳೆ ಹೆಂಗ ತಿಳೀಬೇಕಪಾ?” ಎಂದರು. ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಮೂವತ್ತು ವರ್ಷ ಕಳೆದ ನನಗೆ ಆ ಮಾತಿನ ಪೂರ್ಣಾರ್ಥ ಹೊಳೆದದ್ದು ನಿವೃತ್ತನಾದ ಮೇಲೆ, ಅದೂ ಗುರುಗ್ರಹದ ಚಂದ್ರರ ದೆಸೆಯಿಂದ.

ಈ ವರ್ಷದ, ಎಂದರೆ 2026ರ ಜನವರಿಯಲ್ಲಿ, ಗುರುವು ಸೂರ್ಯನಿಗೆ ಇದಿರಾಗಿ ನಿಂತು, ಹೊತ್ತು ಮುಳುಗುವಾಗ ಮೂಡಿ, ಪುನರ್ವಸು ನಕ್ಷತ್ರದ ಜೋಡಿ ತಾರೆಗಳ ನೆರೆಯಲ್ಲಿ ನಡುರಾತ್ರಿಗೆ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಿದ್ದ ದಿನಗಳಲ್ಲಿ, ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಪರಿಚಯಸ್ಥರೊಬ್ಬರ ಮಾಳಿಗೆಯ ಮೇಲೆ ನನ್ನ ಎಂಟು ಅಂಗುಲದ ದರ್ಪಣದ ದೂರದರ್ಶಕವನ್ನು ಹೂಡಿದ್ದೆ. ಭತ್ತದ ಒಕ್ಕಲಾಟ ಮುಗಿದು ಬಣವೆಯ ಹುಲ್ಲಿನ ವಾಸನೆ ಚಳಿಯೊಡನೆ ಬೆರೆತು ಬರುತ್ತಿತ್ತು. ಓಣಿಯ ಹುಡುಗರು ಸರದಿಯಂತೆ ಬಗ್ಗಿ ನೋಡಿ, ‘ಓ’ ಎಂದು, ಕೆಳಗಿಳಿದು ಹೋದರು, ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಮಾತ್ರ ಕಣ್ಣು ತೆಗೆಯದೆ, “ಸರ, ಗುರುವಿನ ಬಾಜೂಕ ನಾಕು ಹನಿ ಒಂದ ಸಾಲಿನ್ಯಾಗ ಅದಾವಲ್ರಿ, ಅವು ಏನ್ರೀ?” ಎಂದಳು. ಅವು ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ ಎಂಬ ನಾಲ್ಕು ಚಂದ್ರರೆಂದು ಹೇಳಿ, ಕಂಡಂತೆ ಒಂದು ಚಿತ್ರವನ್ನು ಬರೆದುಕೊಳ್ಳೆಂದು ನನ್ನ ಪೆನ್ಸಿಲನ್ನು ಕೊಟ್ಟೆ. ಒಂದು ಕಡೆ ಮೂರು, ಇನ್ನೊಂದು ಕಡೆ ಒಂದು. ಅಂತರಗಳನ್ನು ಕೂಡ ಜಾಣತನದಿಂದ ಹೆಚ್ಚುಕಡಿಮೆ ಸರಿಯಾಗಿಯೇ ಇಟ್ಟಿದ್ದಳು.

ಮರುದಿನ ರಾತ್ರಿ ತಾನಾಗಿಯೇ ಬಂದು ನೋಡಿ, ಸ್ವಲ್ಪ ಹೊತ್ತು ಮೂಲೆಯಲ್ಲಿ ಕುಳಿತು, ಬಳಿಕ ಕಾಗದವನ್ನು ನನಗೆ ತೋರಿಸಿದಳು. ಹಿಂದಿನ ದಿನದ ಚಿತ್ರ ಅಲ್ಲಿರಲಿಲ್ಲ. ರಬ್ಬರಿನಿಂದ ಉಜ್ಜಿದ ಕಲೆಯ ಮೇಲೆ ಎರಡು ಈ ಕಡೆ, ಎರಡು ಆ ಕಡೆ ಎಂದು ಹೊಸ ಚುಕ್ಕೆಗಳಿದ್ದವು. “ನಿನ್ನೆ ತಪ್ಪ ತಗದಿದ್ದೆ ಸರ, ಅಳಿಸಿ ಸರಿ ಮಾಡೀನಿ” ಎಂದು ಅವಳು ಹೆಮ್ಮೆಯಿಂದ ಹೇಳಿದಾಗ, ನಾನು ಬೈಯಲೂ ಆರದೆ ಮೆಚ್ಚಲೂ ಆರದೆ ಒಂದು ಕ್ಷಣ ಸುಮ್ಮನೆ ನಿಂತೆ. ಆಕಾಶವೇ ಬದಲಾಗಿರಬಹುದೆಂಬ ಸಂದೇಹಕ್ಕಿಂತ ತನ್ನ ಕಣ್ಣೇ ತಪ್ಪಿರಬೇಕೆಂಬ ಸಂದೇಹ ಅವಳಿಗೆ ಮೊದಲು ಬಂದಿತ್ತು. ಅದು ಅವಳ ದೋಷವಲ್ಲ. ಉತ್ತರ ಪುಸ್ತಕದ ಕೊನೆಯಲ್ಲಿದೆ, ಅದಕ್ಕೆ ಹೊಂದದುದನ್ನು ಅಳಿಸಬೇಕು ಎಂಬುದನ್ನು ಎಂಟು ವರ್ಷ ಕಲಿಸಿದವರು ನಾವೇ, ನನ್ನಂಥ ಮಾಸ್ತರರೇ.

ಇದೇ ಜನವರಿ ತಿಂಗಳಿನಲ್ಲಿ, 1610ನೆಯ ಇಸವಿಯಲ್ಲಿ, ಪಡುವಾ ನಗರದ ಗೆಲಿಲಿಯೋ ಕೂಡ ಇಂಥದೇ ಗೊಂದಲಕ್ಕೆ ಸಿಕ್ಕಿದ್ದನು. 7ನೆಯ ತಾರೀಖಿನ ರಾತ್ರಿ ಅವನಿಗೆ ಗುರುವಿನ ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು ಕಿರುತಾರೆ ಕಂಡಿದ್ದವು. 8ರಂದು ಮೂರೂ ಪಶ್ಚಿಮದಲ್ಲಿದ್ದವು. ಗುರುವೇ ಅವುಗಳನ್ನು ದಾಟಿ ಹೋಗಿರಬಹುದೆಂದು ಅವನು ಮೊದಲು ಊಹಿಸಿದನು. ಊಹೆ ತಪ್ಪಾಗಿತ್ತು, ಆದರೆ ಹಿಂದಿನ ರಾತ್ರಿಯ ಚಿತ್ರವನ್ನು ಅವನು ಅಳಿಸಲಿಲ್ಲ. 9ರಂದು ಏನಾಯಿತು? ಮೋಡ. ಆ ರಾತ್ರಿ ಆಕಾಶವೆಲ್ಲ ಮೋಡ ಮುಸುಕಿತ್ತೆಂಬುದನ್ನೂ ಅವನು ಬರೆದಿಟ್ಟನು. 10ರಂದು ಮತ್ತೆ ಎರಡೇ ಕಂಡವು, 13ರಂದು ನಾಲ್ಕು. ಭೂಮಿಯನ್ನು ಸುತ್ತದ ವಸ್ತುಗಳೂ ಆಕಾಶದಲ್ಲಿವೆ ಎಂಬ, ಯುರೋಪಿನ ಜ್ಞಾನಲೋಕವನ್ನೇ ಅಲುಗಿಸಿದ ನಿರ್ಣಯವು ನಿಂತದ್ದು ಈ ಪುಟ್ಟ ಚುಕ್ಕೆಗಳ ಸಾಲುಗಳ ಮೇಲೆ. ಆ ಪುಟಗಳನ್ನು ಓದುವಾಗಲೆಲ್ಲ ನನ್ನ ಕಣ್ಣು 9ನೆಯ ತಾರೀಖಿನ ಮೋಡದ ಮೇಲೆಯೇ ನಿಲ್ಲುತ್ತದೆ. ಸವಣೂರಿನ ಎಲೆಯಂಗಡಿಯಲ್ಲಿ ಅದನ್ನು ‘ವ್ಯಾಪಾರ ಇಲ್ಲ’ ಎಂದು ಬರೆಯುತ್ತಿದ್ದರು.

ನಮ್ಮ ತಾಲೂಕುಗಳಲ್ಲಿ ಆಕಾಶವೀಕ್ಷಣೆಯೆಂದರೆ ಇಂದು ಒಂದು ಬಗೆಯ ಜಾತ್ರೆಯಾಗಿದೆ: ಗ್ರಹಣಕ್ಕೋ ವಿಜ್ಞಾನ ದಿನಕ್ಕೋ ದೂರದರ್ಶಕವೊಂದು ಬರುತ್ತದೆ, ನೂರಾರು ಮಕ್ಕಳು ಸಾಲಿನಲ್ಲಿ ನಿಂತು ತಲಾ ಹತ್ತು ಸೆಕೆಂಡು ನೋಡುತ್ತಾರೆ, ಭಾಷಣವಾಗುತ್ತದೆ, ಫೋಟೋ ತೆಗೆಯುತ್ತಾರೆ, ಪೆಟ್ಟಿಗೆ ಮುಚ್ಚುತ್ತದೆ. ಇದನ್ನು ನಾನು ಹಳಿಯಲಾರೆ, ಎಷ್ಟೋ ಸಲ ನಾನೇ ಆ ಜಾತ್ರೆಯ ಪೂಜಾರಿಯಾಗಿದ್ದೇನೆ. ಆದರೆ ಒಂದು ರಾತ್ರಿಯ ಬೆರಗನ್ನು ನೂರು ರಾತ್ರಿಯ ಬರವಣಿಗೆಗೆ ತಂದು ಮುಟ್ಟಿಸದಿದ್ದರೆ ಆ ದೂರದರ್ಶಕಕ್ಕೂ ಜಾತ್ರೆಯ ತೊಟ್ಟಿಲಿಗೂ ಹೆಚ್ಚಿನ ಅಂತರವಿಲ್ಲವೆಂಬುದನ್ನೂ, ಬರೆದಿಡುವ ಅಭ್ಯಾಸವೊಂದು ಕೂಡಿಬಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಮಕ್ಕಳು ಪರಗ್ರಹಗಳ ಚಂದ್ರರ ವಿಷಯದಲ್ಲಿ ನಿಜವಾದ ಕೆಲಸವನ್ನೇ ಮಾಡಬಲ್ಲರೆಂಬುದನ್ನೂ ಹೇಳಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಿಜವಾದ ಕೆಲಸವೆಂದರೆ ಎಂಥದು? ಗ್ರೀಸ್ ದೇಶದ ಹವ್ಯಾಸಿ ಖಗೋಳವೀಕ್ಷಕ ಇಮ್ಯಾನುಯೆಲ್ ಕಾರ್ಡಾಸಿಸ್ ಎಂಬವರು, 2011ರ ಅಕ್ಟೋಬರಿನಲ್ಲಿ ಫ್ರಾನ್ಸಿನ ನಾಂಟ್ ನಗರದಲ್ಲಿ ಕೂಡಿದ್ದ ಗ್ರಹವಿಜ್ಞಾನಿಗಳ ಸಭೆಯ ಮುಂದೆ, ತಮ್ಮ 11 ಅಂಗುಲದ ದೂರದರ್ಶಕದಿಂದ ತೆಗೆದ ಚಿತ್ರಗಳನ್ನು ಜೋಡಿಸಿ ತಯಾರಿಸಿದ ಗ್ಯಾನಿಮೀಡಿನ ನಕಾಶೆಯೊಂದನ್ನು ಇಟ್ಟರು. ಗ್ಯಾನಿಮೀಡ್ ಸಣ್ಣ ವಸ್ತುವಲ್ಲ. ಅದರ ವ್ಯಾಸ ಸುಮಾರು 5268 ಕಿಲೋಮೀಟರು, ಬುಧಗ್ರಹಕ್ಕಿಂತಲೂ ದೊಡ್ಡದು. ಆದರೆ ಅದು ನಮ್ಮಿಂದ ಕಡಿಮೆಯೆಂದರೂ ಸುಮಾರು ಅರುವತ್ತು ಕೋಟಿ ಕಿಲೋಮೀಟರು ದೂರದಲ್ಲಿರುವುದರಿಂದ, ಅತ್ಯಂತ ಸಮೀಪಕ್ಕೆ ಬಂದಾಗಲೂ ಅದರ ಬಿಂಬದ ಅಗಲ 1.8 ವಿಕಲೆಯ ಆಸುಪಾಸು ಮಾತ್ರ. ಅಂಶ ಕಲೆ ವಿಕಲೆಗಳ ಲೆಕ್ಕ ಬೇಡವೆಂಬವರು ಒಂದು ಅಂಗುಲ ಅಗಲದ ನಾಣ್ಯವನ್ನು ಮೂರು ಕಿಲೋಮೀಟರ್ ದೂರದಲ್ಲಿ ಯಾರೋ ಎತ್ತಿ ಹಿಡಿದಿದ್ದಾರೆಂದು ಭಾವಿಸಿಕೊಳ್ಳಲಿ. ಆ ನಾಣ್ಯದ ಮೇಲೆ ಎಲ್ಲಿ ಸವೆದಿದೆ, ಎಲ್ಲಿ ಕಪ್ಪಿಟ್ಟಿದೆ ಎಂಬುದನ್ನು ಹೇಳುವ ಸಾಹಸ ಇದು. 11 ಅಂಗುಲದ ಕಣ್ಣು ಆ ಬಿಂಬವನ್ನು ಅಡ್ಡಲಾಗಿ ನಾಲ್ಕು ತುಂಡಾಗಿ ಬಿಡಿಸಬಲ್ಲುದೇ ಹೊರತು ಅದಕ್ಕಿಂತ ಹೆಚ್ಚಾಗಿಯಲ್ಲ. ಅಷ್ಟರಲ್ಲಿಯೇ, ವ್ಯೋಮನೌಕೆಗಳು ತೋರಿಸಿದ ಫ್ರಿಜಿಯಾ ಸಲ್ಕಸ್ ಎಂಬ ಬೆಳ್ಳನೆಯ ಬಿರುಕುನಾಡನ್ನೂ ನಿಕಲ್ಸನ್ ಪ್ರದೇಶವೆಂಬ ಕಪ್ಪು ಬಯಲನ್ನೂ ಅವರ ನಕಾಶೆಯಲ್ಲಿ ಗುರುತಿಸಲು ಬರುತ್ತಿತ್ತು.

ಮಾಡುವ ಬಗೆ ಹೀಗೆ. ಕಣ್ಣಿಡುವ ಕಡೆ ಒಂದು ಪುಟ್ಟ ಕ್ಯಾಮೆರಾವನ್ನು ಸಿಕ್ಕಿಸಿ, ಒಂದೊಂದು ಚಿತ್ರವಾಗಿ ತೆಗೆಯದೆ, ಸಾವಿರಾರು ಚೌಕಟ್ಟುಗಳ ವಿಡಿಯೋವನ್ನು ತೆಗೆಯುತ್ತಾರೆ. ನಮ್ಮ ತಲೆಯ ಮೇಲಿನ ಗಾಳಿಯೆಂಬುದು ಎಂದೂ ನಿಲ್ಲದ ಹರಿಯುವ ನೀರು. ಅದರ ಕೆಳಗೆ ಕುಳಿತ ನಾವು ಹೊಳೆಯ ತಳದ ಮೀನಿನಂತೆ ಮೇಲಿನ ಲೋಕವನ್ನು ನೋಡುವವರು. ಆ ಅಲುಗಾಟದ ನಡುವೆ, ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ, ಗಾಳಿ ಸ್ತಬ್ಧವಾಗಿ ಬಿಂಬ ಸ್ಫುಟವಾಗಿ ನಿಲ್ಲುವುದುಂಟು. ಸಾವಿರಾರು ಚೌಕಟ್ಟುಗಳಲ್ಲಿ ಅಂಥ ಕೆಲವನ್ನೇ ಆರಿಸಿ, ಉಳಿದವನ್ನು ತೂರಿಬಿಟ್ಟು, ಆರಿಸಿದವನ್ನು ಒಂದರ ಮೇಲೊಂದು ಪೇರಿಸಿದರೆ ಚಿತ್ರ ತಯಾರಾಗುತ್ತದೆ. ಮೊರದಲ್ಲಿ ಕಾಳು ಕೇರುವುದನ್ನು ಕಂಡವರಿಗೆ ಇದು ಹೊಸ ವಿದ್ಯೆಯೆನಿಸದು. ಈ ಕೇರುವ ಕೆಲಸಕ್ಕೆ ನೆದರ್ಲೆಂಡಿನ ಎಮಿಲ್ ಕ್ರಾಯ್ಕಾಂಪ್ ಬರೆದ ಆಟೋಸ್ಟಾಕರ್ಟ್ ಎಂಬ ತಂತ್ರಾಂಶವನ್ನು ಜಗತ್ತಿನ ಎಷ್ಟೋ ಹವ್ಯಾಸಿಗಳು ಬಳಸುತ್ತಾರೆ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಆದರೆ ಒಂದು ರಾತ್ರಿಯ ಚಿತ್ರ ನಕಾಶೆಯಾಗದು. ಗ್ಯಾನಿಮೀಡ್ ಗುರುವನ್ನು ಸುಮಾರು 7 ದಿನ 3 ಗಂಟೆ 43 ನಿಮಿಷಗಳಿಗೊಮ್ಮೆ ಸುತ್ತುತ್ತದೆ. ನಮ್ಮ ಚಂದಿರನಂತೆಯೇ ತನ್ನ ಗ್ರಹಕ್ಕೆ ಸದಾ ಒಂದೇ ಮುಖವನ್ನು ತೋರಿಸುತ್ತ ಸುತ್ತುವುದರಿಂದ, ನಮಗೆ ಅದರ ಸರ್ವಾಂಗದರ್ಶನವಾಗಬೇಕಾದರೆ ವಾರಗಟ್ಟಲೆ, ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಕಾದು ಕೂತಿರಬೇಕು. ಯಾವ ಚಿತ್ರವನ್ನು ಯಾವ ನಿಮಿಷದಲ್ಲಿ ತೆಗೆದದ್ದೆಂಬುದು ಬರೆದಿಲ್ಲವಾದರೆ ಅದು ನಕಾಶೆಯ ಯಾವ ರೇಖಾಂಶಕ್ಕೆ ಸೇರಬೇಕೆಂಬುದನ್ನು ಬ್ರಹ್ಮನೂ ಹೇಳಲಾರ. ಇಲ್ಲಿಯೇ ಇನ್ನೊಂದು ಎಚ್ಚರವೂ ಬೇಕು: ಕಂಪ್ಯೂಟರಿನಲ್ಲಿ ಚಿತ್ರವನ್ನು ಅತಿಯಾಗಿ ಮೊನಚುಗೊಳಿಸುತ್ತ ಹೋದರೆ ಇಲ್ಲದ ಕಲೆಗಳೂ ಹುಸಿ ಉಂಗುರಗಳೂ ಹುಟ್ಟಿಕೊಳ್ಳುತ್ತವೆ. ಪ್ರಾಮಾಣಿಕನಾದ ಹವ್ಯಾಸಿ ತನ್ನ ಚಿತ್ರವನ್ನು ನೌಕೆಗಳ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸುವುದು ಹೊಗಳಿಕೆಗಾಗಿಯಲ್ಲ, ತನ್ನ ಕಣ್ಣಿನ ಮೇಲೆಯೇ ಕಾವಲಿಡುವುದಕ್ಕಾಗಿ.

ಹವ್ಯಾಸಿಗಳಿಗೂ ಪರಗ್ರಹಗಳ ಚಂದ್ರರಿಗೂ ಇರುವ ನಂಟು ಹಳೆಯದು. ಯುರೇನಸಿನ ಮೊದಲ ಎರಡು ಚಂದ್ರರನ್ನು 1787ರಲ್ಲಿ ಕಂಡ ವಿಲಿಯಂ ಹರ್ಷೆಲ್ ಮೂಲತಃ ಸಂಗೀತಗಾರ. ಲಿವರ್‌ಪೂಲಿನ ವಿಲಿಯಂ ಲಾಸೆಲ್ ಬಿಯರು ತಯಾರಿಸಿ ಹಣ ಮಾಡಿದವನು. ತಾನೇ ಅರೆದು ನುಣುಪುಗೊಳಿಸಿದ 24 ಅಂಗುಲದ ದರ್ಪಣದಿಂದ, ನೆಪ್ಚೂನ್ ಗ್ರಹವು ಪತ್ತೆಯಾದ ಹದಿನೇಳೇ ದಿನಗಳಲ್ಲಿ, 1846ರ ಅಕ್ಟೋಬರ್ 10ರಂದು, ಅದರ ಚಂದ್ರನಾದ ಟ್ರೈಟನ್ನನ್ನು ಹಿಡಿದನು. ನಮ್ಮ ಕಾಲಕ್ಕೆ ಬಂದರೆ, 2021ರಲ್ಲಿ ಕೈ ಲೀ ಎಂಬ ಹವ್ಯಾಸಿ, ಹವಾಯಿಯ ದೊಡ್ಡ ದೂರದರ್ಶಕವೊಂದು 2003ರಲ್ಲಿ ತೆಗೆದಿಟ್ಟಿದ್ದ ಹಳೆಯ ಚಿತ್ರಗಳನ್ನು ಶೋಧಿಸಿ, ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಗುರುವಿನ ಪುಟ್ಟ ಚಂದ್ರನೊಂದನ್ನು ಹೊರತೆಗೆದರು. ಅಲ್ಲಿ ದೂರದರ್ಶಕವನ್ನು ಮುಟ್ಟುವ ಅಗತ್ಯವೂ ಬೀಳಲಿಲ್ಲ. ಯಾರೋ ಕಾಲಸಹಿತವಾಗಿ ಕಾಪಿಟ್ಟಿದ್ದ ಕಡತವೇ ಸಾಕಾಯಿತು.

ಇವೆಲ್ಲ ಪರದೇಶದ ಕಥೆಗಳೆಂದು ಓದುಗರು ಪುಟ ತಿರುವಿಹಾಕುವ ಮೊದಲು ಕಾವಲೂರಿನ ವಿಷಯವನ್ನು ಹೇಳಬೇಕು. ಅದು ಹವ್ಯಾಸಿಗಳ ಕಥೆಯಲ್ಲ, ವೃತ್ತಿವಿಜ್ಞಾನಿಗಳದು. ಆದರೂ ಪರಗ್ರಹದ ಚಂದ್ರರ ವಿಚಾರದಲ್ಲಿ ನಮಗೆ ಇದಕ್ಕಿಂತ ಹತ್ತಿರದ ಕಥೆ ಇನ್ನೊಂದಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಈ ವೀಕ್ಷಣಾಲಯ ತಮಿಳುನಾಡಿನ ಜವಾಧಿ ಬೆಟ್ಟಗಳಲ್ಲಿದೆ. ಅದರ ಜಾಗವನ್ನು ಆರಿಸಿದವರು ಖಗೋಳವಿಜ್ಞಾನಿ ವೇಣು ಬಾಪು. 1972ರಲ್ಲಿ ಅಲ್ಲಿ ಒಂದು ಮೀಟರಿನ ದೂರದರ್ಶಕ ನಿಂತ ವರ್ಷವೇ, ಜೂನ್ 7ರ ರಾತ್ರಿ, ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡುವ ಪ್ರಸಂಗ ಒದಗಿತು. ಕಾವಲೂರಿನಿಂದಲೂ ಇಂಡೋನೇಷ್ಯದ ಲೆಂಬಾಂಗಿನಿಂದಲೂ ಅದನ್ನು ಅಳೆದರು. ನಕ್ಷತ್ರದ ಬೆಳಕು ಕತ್ತರಿಸಿದಂತೆ ತಟ್ಟನೆ ಆರಿಹೋಗದೆ ತುಸು ಸೋರಿಕೊಂಡು ಹೋದಂತೆ ಕಂಡುದರಿಂದ, ಗ್ಯಾನಿಮೀಡಿಗೆ ವಾಯುಮಂಡಲವಿರಬೇಕೆಂದು ಕಾರ್ಲ್‌ಸನ್, ಜೆ.ಸಿ. ಭಟ್ಟಾಚಾರ್ಯ ಮೊದಲಾದವರು 1973ರಲ್ಲಿ ಪ್ರಕಟಿಸಿದರು. 1979ರಲ್ಲಿ ವಾಯೇಜರ್ ನೌಕೆ ಅಳೆದಾಗ ಅಷ್ಟು ದಟ್ಟವಾದ ವಾಯು ಅಲ್ಲಿಲ್ಲವೆಂದಾಯಿತು. 1990ರ ದಶಕದಲ್ಲಿ ಹಬಲ್ ದೂರದರ್ಶಕವು ಅಲ್ಲಿ ಅತಿ ವಿರಳವಾದ ಆಮ್ಲಜನಕದ ಹೊದಿಕೆಯಿರುವುದನ್ನು ತೋರಿಸಿತು. ಆ ಜೂನ್ 7ಕ್ಕೆ ಸರಿಯಾಗಿ ನಲವತ್ತೊಂಬತ್ತು ವರ್ಷಗಳ ತರುವಾಯ, 2021ರ ಜೂನ್ 7ರಂದು, ಜೂನೋ ನೌಕೆ ಗ್ಯಾನಿಮೀಡಿನಿಂದ ಕೇವಲ 1038 ಕಿಲೋಮೀಟರು ದೂರದಲ್ಲಿ ಹಾದುಹೋಯಿತು. ಇದು ಕಾಕತಾಳೀಯವೇ ಸರಿ. ಆದರೆ ದಿನವೂ ತಾರೀಖು ತಿಥಿ ಬರೆಯುವವರ ಮನೆಯಲ್ಲಿ ಬೆಳೆದವರು ಇಂಥವನ್ನು ಗುರುತಿಸದೆ ಇರಲಾರರು.

ಇದಕ್ಕಿಂತಲೂ ನನಗೆ ಪ್ರಿಯವಾದುದು 1977ರ ಮಾರ್ಚ್ 10ರ ರಾತ್ರಿಯ ಸಂಗತಿ. ಅಂದು ಯುರೇನಸ್ ಗ್ರಹವು ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಕಾವಲೂರಿನಲ್ಲಿ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿಯವರು ನೋಡುತ್ತಿರುವಾಗ, ಗ್ರಹವಿನ್ನೂ ದೂರದಲ್ಲಿದ್ದಾಗಲೇ, ನಕ್ಷತ್ರದ ಬೆಳಕು ಕೆಲವು ಕ್ಷಣ ಕುಸಿದು ಮತ್ತೆ ಎದ್ದಿತು. ಯುರೇನಸಿಗೆ ಇನ್ನೊಂದು ಚಂದ್ರನಿದ್ದಾನೆ, ಮರೆಮಾಡಿದವನು ಅವನೇ ಎಂದು ಅವರು ‘ನೇಚರ್’ ಪತ್ರಿಕೆಗೆ ಬರೆದರು. ಅದೇ ರಾತ್ರಿ ಹಾರುವ ವಿಮಾನದಲ್ಲಿಟ್ಟ ದೂರದರ್ಶಕದಿಂದ ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ಗ್ರಹದ ಎರಡೂ ಪಕ್ಕಗಳಲ್ಲಿ ಇಂಥ ಹಲವು ಕುಸಿತಗಳನ್ನು ಕಂಡಿದ್ದರು. ಎಲ್ಲವನ್ನೂ ಕೂಡಿಸಿ ನೋಡಿದಾಗ ಅದು ಚಂದ್ರನಲ್ಲ, ಯುರೇನಸಿನ ಉಂಗುರವೆಂದು ತಿಳಿಯಿತು. ಕಾವಲೂರಿನವರ ವ್ಯಾಖ್ಯೆ ತಪ್ಪಿತ್ತು, ದಾಖಲೆ ತಪ್ಪಿರಲಿಲ್ಲ. ಎಣಿಕೆಗೆ ಹೊಂದದ ಆ ಒಂದು ಕುಸಿತವನ್ನು ‘ಮೋಡವಿದ್ದೀತು’ ಎಂದು ಅವರು ಉಜ್ಜಿಹಾಕಿದ್ದರೆ ಉಂಗುರಗಳ ಆವಿಷ್ಕಾರದ ಕಥೆಯಲ್ಲಿ ಕಾವಲೂರಿನ ಹೆಸರೇ ಇರುತ್ತಿರಲಿಲ್ಲ. ರಬ್ಬರು ಹಿಡಿದ ಆ ಹುಡುಗಿಗೆ ಎರಡನೆಯ ರಾತ್ರಿ ನಾನು ಹೇಳಿದ ಕಥೆ ಇದೇ.

ಈಗ ಆಕ್ಷೇಪಣೆ. ವಾಯೇಜರ್ ಹೋಯಿತು, 1995ರಿಂದ 2003ರವರೆಗೆ ಗೆಲಿಲಿಯೋ ನೌಕೆ ಗುರುವನ್ನು ಸುತ್ತಿತು, ಜೂನೋ ಹೋಗಿದೆ. 2023ರ ಏಪ್ರಿಲಿನಲ್ಲಿ ಹೊರಟ ಯುರೋಪಿನ ಜ್ಯೂಸ್ ನೌಕೆ 2031ರಲ್ಲಿ ಗುರುವನ್ನು ತಲುಪಿ ಮುಂದೆ ಗ್ಯಾನಿಮೀಡನ್ನೇ ಸುತ್ತಲಿದೆ. ಹೀಗಿರಲು ಮಾಳಿಗೆಯ ಮೇಲಿನ ಎಂಟು ಅಂಗುಲದ ಕೊಳವೆ ಯಾರ ಉಪಕಾರಕ್ಕೆ ಎಂದು ವಿದ್ಯಾವಂತರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದು. ನೆಲದಿಂದ ತೆಗೆದ ಹವ್ಯಾಸಿಯ ನಕಾಶೆಯಿಂದ ಗ್ಯಾನಿಮೀಡಿನ ಹೊಸ ಬೆಟ್ಟವಾವುದೂ ಪತ್ತೆಯಾಗಲಾರದು. ನನ್ನ ಎಂಟು ಅಂಗುಲದಲ್ಲಿ ಆ ಬಿಂಬವು ಬಿಂದುವಲ್ಲ, ಚಿಕ್ಕ ತಟ್ಟೆ ಎಂಬುದಷ್ಟೇ ಕಷ್ಟಪಟ್ಟರೆ ಕಾಣುತ್ತದೆ. ಆದರೆ ನೌಕೆ ಅತಿಥಿ, ಬರುತ್ತದೆ, ಹೋಗುತ್ತದೆ. ನೆಲದ ಮೇಲಿನವನು ಮನೆಯಾತ. 2009ರ ಜುಲೈ 19ರಂದು ಗುರುವಿನ ದಕ್ಷಿಣಧ್ರುವದ ಸಮೀಪ ಯಾವುದೋ ಆಕಾಶಕಾಯ ಅಪ್ಪಳಿಸಿ ಎಬ್ಬಿಸಿದ ಕಪ್ಪು ಗುರುತನ್ನು ಮೊದಲು ಕಂಡವರು ಆಸ್ಟ್ರೇಲಿಯಾದ ಹವ್ಯಾಸಿ ಆಂಥೋನಿ ವೆಸ್ಲಿ. ಆ ಹೊತ್ತಿಗೆ ಗುರುವಿನ ಅಂಗಳದಲ್ಲಿ ನೌಕೆ ಯಾವುದೂ ಇರಲಿಲ್ಲ.

ಇನ್ನೂ ಗಟ್ಟಿಯಾದ ಉತ್ತರ ಚಂದ್ರರಲ್ಲಿಯೇ ಇದೆ. ಅಯೋ ಎಂಬ ಜ್ವಾಲಾಮುಖಿಗಳ ಚಂದ್ರನು ಗುರುವಿನ ಸೆಳೆತದಲ್ಲಿ ಹಿಂಡಿಸಿಕೊಂಡು ಕಾಯುತ್ತಿರುವುದರಿಂದ ಅದರ ಕಕ್ಷೆ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತಿದೆ ಎಂಬ ಪ್ರಶ್ನೆಗೆ, ವಾಲೆರಿ ಲೆನೆ ಮತ್ತು ಅವರ ಸಂಗಡಿಗರು 2009ರಲ್ಲಿ ಉತ್ತರ ಹೇಳಿದರು. ಅಯೋ ಅತ್ಯಲ್ಪವಾಗಿ ಗುರುವಿನ ಕಡೆಗೆ ಸರಿಯುತ್ತಿದೆ, ಯುರೋಪಾ ಮತ್ತು ಗ್ಯಾನಿಮೀಡ್ ಹೊರಕ್ಕೆ ಸರಿಯುತ್ತಿವೆ. ಯಾವ ನೌಕೆಯಿಂದ ತಿಳಿಯಿತು ಇದು? 1891ರಿಂದ 2007ರವರೆಗೆ ನೆಲದಿಂದ ಮಾಡಿದ, ತಾರೀಖು ಹೊತ್ತುಗಳೊಡನೆ ಬರೆದಿಟ್ಟ ವೀಕ್ಷಣೆಗಳಿಂದ. ನೂರಾಹದಿನಾರು ವರ್ಷಗಳ ಕೀರ್ದಿಯನ್ನು ಒಬ್ಬರು ಖತಾವಣಿಗೆ ಎತ್ತಿಕೊಂಡರು, ಅಷ್ಟೆ. ಬರೆದವರಲ್ಲಿ ಹೆಚ್ಚಿನವರಿಗೆ ತಮ್ಮ ಅಂಕಿಗಳಿಂದ ಯಾವ ಲೆಕ್ಕ ತೀರಲಿದೆ ಎಂಬುದು ತಿಳಿದಿರುವುದು ಶಕ್ಯವೇ ಇರಲಿಲ್ಲ.

ಅಂಥ ಬರವಣಿಗೆಗೆ ಈಗ ಋತು ಬಂದಿದೆ. ಸುಮಾರು ಆರು ವರ್ಷಗಳಿಗೊಮ್ಮೆ ಗುರುವಿನ ಚಂದ್ರರು ಸುತ್ತುವ ಸಮತಲವು ನಮ್ಮ ಕಣ್ಣಿಗೆ ಅಂಚುಮುಖವಾಗಿ ನಿಲ್ಲುತ್ತದೆ. ಆಗ ಒಂದು ಚಂದ್ರನು ಇನ್ನೊಂದನ್ನು ಮರೆಮಾಡುವುದು, ಒಂದರ ನೆರಳಿನಲ್ಲಿ ಇನ್ನೊಂದು ಮಂಕಾಗುವುದು, ಇಂಥ ಪರಸ್ಪರ ಗ್ರಹಣಗಳು ಪದೇ ಪದೇ ಸಂಭವಿಸುತ್ತವೆ. 2026–27ರಲ್ಲಿ ಆ ಸರದಿ. ಬೆಳಕು ಯಾವ ಸೆಕೆಂಡಿನಲ್ಲಿ ಕುಸಿಯತೊಡಗಿತು, ಯಾವಾಗ ತಳ ಮುಟ್ಟಿತು, ಯಾವಾಗ ಚೇತರಿಸಿತು ಎಂಬುದನ್ನು ಅಳೆದರೆ ಆ ಚಂದ್ರರ ಸ್ಥಾನವನ್ನು ಬಹು ಸೂಕ್ಷ್ಮವಾಗಿ ಗೊತ್ತುಮಾಡಬಹುದು. ಪ್ಯಾರಿಸಿನ ಆಕಾಶಯಂತ್ರಶಾಸ್ತ್ರದ ಸಂಸ್ಥೆಯೊಂದು ಪ್ರತಿ ಸರದಿಯಲ್ಲಿಯೂ ಇಂಥ ಅಳತೆಗಳನ್ನು ಲೋಕದ ಎಲ್ಲ ಮೂಲೆಗಳಿಂದ, ವೃತ್ತಿಯವರು ಹವ್ಯಾಸಿಗಳೆಂಬ ಭೇದವಿಲ್ಲದೆ, ಕಲೆಹಾಕುತ್ತದೆ. ನಮ್ಮ ಕಾವಲೂರಿನಿಂದ ಆರ್. ವಸುಂಧರಾ ಅವರು ಇಂಥ ಗ್ರಹಣಗಳನ್ನು ಅಳೆದು ಪ್ರಕಟಿಸಿದ್ದಾರೆ. ಇದಕ್ಕೆ ದೊಡ್ಡ ದರ್ಪಣ ಬೇಡ. ಸಾಧಾರಣ ದೂರದರ್ಶಕ, ವಿಡಿಯೋ ಕ್ಯಾಮೆರಾ, ನಿಖರವಾದ ಗಡಿಯಾರ, ಇಷ್ಟು ಸಾಕು; ಆ ಗಡಿಯಾರ ಇಂದು ಎಲ್ಲರ ಜೇಬಿನ ಮೊಬೈಲಿನಲ್ಲಿ ಉಪಗ್ರಹಗಳ ಕೃಪೆಯಿಂದ ನಡೆಯುತ್ತಿದೆ.

ಅಷ್ಟೂ ಆಗದವರು ಅಯೋ ಗುರುವಿನ ನೆರಳಿನೊಳಗೆ ಹೊಕ್ಕು ಕಾಣೆಯಾಗುವ ಹೊತ್ತನ್ನು ಕ್ಯಾಮೆರಾ ಇಲ್ಲದೆಯೇ, ದೂರದರ್ಶಕಕ್ಕೆ ಕಣ್ಣಿಟ್ಟು, ಗುರುತಿಸಬಹುದು. 1676ರಲ್ಲಿ ಓಲೆ ರೋಮರ್ ಬೆಳಕಿಗೂ ಪಯಣಿಸಲು ಕಾಲ ಬೇಕೆಂಬುದನ್ನು ಸಾಧಿಸಿದ್ದು ಈ ಹೊತ್ತುಗಳ ಪಟ್ಟಿಯಿಂದಲೇ: ಗುರು ದೂರವಿದ್ದಾಗ ಅಯೋವಿನ ಗ್ರಹಣಗಳು ಎಣಿಸಿದ್ದಕ್ಕಿಂತ ತಡವಾಗಿಯೂ ಸಮೀಪವಿದ್ದಾಗ ಬೇಗನೆಯೂ ಕಂಡವು. ಈ ಒಂದು ಪ್ರಯೋಗವನ್ನು ಪ್ರೌಢಶಾಲೆಯ ಮಕ್ಕಳು ಒಂದು ವರ್ಷದುದ್ದಕ್ಕೂ ಮಾಡಿದರೆ, ಬೆಳಕಿನ ವೇಗವೆಂದು ಪುಸ್ತಕದಲ್ಲಿ ಅಚ್ಚಾದ ಅಂಕಿ ಅವರ ಸ್ವಂತ ಆಸ್ತಿಯಾದೀತು.

ನಮ್ಮ ಊರುಗಳಿಗೆ ಇದರಲ್ಲಿ ಒಂದು ಸಹಜವಾದ ಅನುಕೂಲವಿದೆ. ಹಾನಗಲ್ಲು ಇರುವುದು ಹದಿನೈದನೆಯ ಉತ್ತರ ಅಕ್ಷಾಂಶಕ್ಕೆ ತುಸು ಈಚೆ. 2027ರ ಫೆಬ್ರುವರಿಯ ಎರಡನೆಯ ವಾರದಲ್ಲಿ ಗುರು ಮತ್ತೆ ಸೂರ್ಯನಿಗೆ ಇದಿರಾಗುವಾಗ, ಆಕಾಶದಲ್ಲಿ ಅವನ ಪಥವೂ ಹೆಚ್ಚುಕಡಿಮೆ ಅಲ್ಲಿಯೇ. ಎಂದರೆ ನಡುರಾತ್ರಿಗೆ ಅವನು ಹಾನಗಲ್ಲಿನ ತಾರಕೇಶ್ವರನ ಗುಡಿಯ ಶಿಖರಕ್ಕೆ ತೂಗುಹಾಕಿದಂತೆ ನೇರ ನೆತ್ತಿಯ ಮೇಲೆ ಬಂದು ನಿಲ್ಲುವನು. ನೆತ್ತಿಯ ಮೇಲಿನ ಗ್ರಹದ ಬೆಳಕು ಗಾಳಿಯ ಅತ್ಯಂತ ತೆಳುವಾದ ಪದರವನ್ನು ದಾಟಿ ಬರುತ್ತದೆ. ಇಂಥ ಆಕಾಶವನ್ನು ಹುಡುಕಿಕೊಂಡು ಇಂಗ್ಲೆಂಡಿನ ಡೇಮಿಯನ್ ಪೀಚ್ ಬಾರ್ಬಡೋಸ್ ದ್ವೀಪದವರೆಗೆ ಹೋಗಿ ಗ್ರಹಗಳ ಚಿತ್ರಗಳನ್ನು ತೆಗೆದರು. ಫಿಲಿಪ್ಪೀನ್ಸಿನ ಸೆಬು ನಗರದ ಕ್ರಿಸ್ಟೋಫರ್ ಗೋ ಅದು ಮನೆಯ ಮೇಲೆಯೇ ಇರುವುದರಿಂದ ಜಗತ್ತಿನ ಶ್ರೇಷ್ಠ ಗ್ರಹಚಿತ್ರಕಾರರಲ್ಲಿ ಒಬ್ಬರಾದರು. ನಮಗೂ ಅದು ಮನೆಯ ಮೇಲೆಯೇ ಇದೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಕೀರ್ದಿಯಲ್ಲಿ ‘ಮೋಡ’ ಎಂದು ಬರೆಯುತ್ತಿರಬೇಕಾದೀತು.

ಬರೆದಿಡುವುದು ಈ ನೆಲಕ್ಕೆ ಹೊಸದೂ ಅಲ್ಲ. ಹಾನಗಲ್ಲು ಪಾನುಂಗಲ್ಲೆನಿಸಿದ್ದ ಕದಂಬರ ಕಾಲದಿಂದ ಈ ಭಾಗದ ದಾನಶಾಸನಗಳು ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣ ಸಂಕ್ರಮಣಗಳ ತಿಥಿವಾರಗಳನ್ನು ಕಲ್ಲಿನ ಮೇಲೆ ಕಂಡರಿಸಿಟ್ಟಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕೆಲಸ ಮಾಡಿದ ಬಿ.ಎಸ್. ಶೈಲಜಾ ಅವರು ಇಂಥ ಶಾಸನಗಳ ಉಲ್ಲೇಖಗಳನ್ನು ಖಗೋಳದ ಸಾಕ್ಷ್ಯವಾಗಿಯೇ ಅಧ್ಯಯನ ಮಾಡಿದ್ದಾರೆ. ರೈತರಂತೂ ರೋಹಿಣಿ, ಮಿರಗ, ಆರಿದ್ರ ಎಂದು ಮಳೆಯನ್ನು ನಕ್ಷತ್ರಗಳ ಹೆಸರಿನಿಂದಲೇ ಲೆಕ್ಕ ಹಿಡಿಯುತ್ತಾರೆ. ಇದರಲ್ಲಿ ಒಂದು ವಿನೋದವಿದೆ: ಮಿರಗದ ಮಳೆ ಸುರಿಯುವಾಗ ಸೂರ್ಯನೇ ಆ ನಕ್ಷತ್ರದಲ್ಲಿರುವುದರಿಂದ ಅದು ಯಾರ ಕಣ್ಣಿಗೂ ಬೀಳದು, ಹೆಸರು ಎಲ್ಲರ ಬಾಯಲ್ಲಿ, ನಕ್ಷತ್ರ ಯಾರಿಗೂ ಪರಿಚಯವಿಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯದವರು ಮಳೆನಕ್ಷತ್ರದ ಮಾತುಗಳನ್ನು ಸಂಗ್ರಹಿಸುವಾಗ ಚಳಿಗಾಲದ ರಾತ್ರಿ ಆ ನಕ್ಷತ್ರಗಳನ್ನು ಹೇಳಿದವರಿಗೇ ತೋರಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಚೆನ್ನ.

ಪ್ರತಿಕೂಲಗಳೂ ಇವೆ, ಅವನ್ನು ಮುಚ್ಚಿಡಬಾರದು. ಹೆದ್ದಾರಿ ಹಾಯುವ ಶಿಗ್ಗಾವಿಯಲ್ಲಿ ಆಕಾಶದ ಕೆಳಭಾಗವೆಲ್ಲ ಬೂದಿ ಬಳಿದಂತಾಗಿದೆ. ಊರೂರಿನ ನಾಕುದಾರಿಗಳಲ್ಲಿ ನಿಂತ ಎತ್ತರದ ದೀಪಸ್ತಂಭಗಳು ರಸ್ತೆಗೆ ಚೆಲ್ಲುವ ಬೆಳಕಿಗಿಂತ ಕಾಗೆಗೂಡುಗಳಿಗೆ ಚೆಲ್ಲುವುದೇ ಹೆಚ್ಚು. ಒಂದು ದೀಪಕ್ಕೆ ಮೇಲಿನಿಂದ ಮರೆ ಕಟ್ಟಿಸಿರೆಂದು ಒಂದು ಕಚೇರಿಗೆ ನಾನು ಬರೆದ ಅರ್ಜಿಗೆ ಉತ್ತರವಾಗಿ ಅಲ್ಲಿ ಇನ್ನೊಂದು ದೀಪ ಬಂದಿತು. ದೀಪದ ವಿಷಯದ ಅರ್ಜಿಯೆಂದರೆ ದೀಪ ಬೇಡುವ ಅರ್ಜಿಯೇ ಎಂದು ಅವರು ತಿಳಿದಿರಬೇಕು. ಇನ್ನೊಂದು ಕಡೆ, ಒಂದು ಶಾಲೆಯ ಕಪಾಟಿನಲ್ಲಿ ಬೀಗದೊಳಗೆ ವರ್ಷಗಟ್ಟಲೆ ಇದ್ದ ದೂರದರ್ಶಕದ ಮಸೂರಕ್ಕೆ ಬೂಸು ಹಿಡಿದು ಜೇಡರ ಬಲೆಯಂಥ ಚಿತ್ತಾರ ಮೂಡಿದ್ದನ್ನು ನಾನೇ ಕಂಡಿದ್ದೇನೆ. ಒಡೆದೀತೆಂಬ ಭಯದಿಂದ ಹೊರಗೆ ತೆಗೆದಿರಲಿಲ್ಲವಂತೆ. ಒಡೆದಿದ್ದರೆ ಎಷ್ಟೋ ವಾಸಿಯಿತ್ತು, ನಾಲ್ಕು ಮಕ್ಕಳಾದರೂ ನೋಡಿರುತ್ತಿದ್ದರು.

ಆದುದರಿಂದ ನಾನು ಕೇಳುವುದು ತಾರಾಲಯವನ್ನಲ್ಲ. ನಾಲ್ಕು ತಾಲೂಕುಗಳಿಗೆ ತಲಾ ಒಂದು ಎಂಟು ಅಂಗುಲದ ದರ್ಪಣದ ದೂರದರ್ಶಕವಿರಲಿ. ಶಾಲೆಯ ಕಪಾಟಿನಲ್ಲಿ ಬೇಡ, ಪುಸ್ತಕದಂತೆ ಮನೆಗೆ ಒಯ್ಯಲು ಬರುವಂತೆ ಸಾರ್ವಜನಿಕ ಗ್ರಂಥಾಲಯದಲ್ಲಿರಲಿ. ಬೆಂಗಳೂರಿನ ಹವ್ಯಾಸಿ ಖಗೋಳಜ್ಞರು 1970ರ ದಶಕದಿಂದಲೂ ಸಂಘ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಾರೆ. ತಾರಾಲಯದಲ್ಲಿ ದರ್ಪಣ ಅರೆಯುವುದನ್ನೂ ಕಲಿಸಿದ್ದುಂಟು. ಅಂಥವರನ್ನು ಭಾಷಣಕ್ಕಲ್ಲದೆ ಒಂದು ವಾರದ ವಾಸಕ್ಕೆ ಕರೆಸಬೇಕು. ದೂರದರ್ಶಕದ ಜೊತೆಯಲ್ಲಿ ರಟ್ಟಿನ ಹೊದಿಕೆಯ ಒಂದು ಉದ್ದನೆಯ ವಹಿ ಇರಬೇಕು, ಅದನ್ನು ಒಯ್ದವರು ಬರೆಯದೆ ಹಿಂತಿರುಗಿಸಕೂಡದು. ಸವಣೂರಿನ ದೊಡ್ಡ ಹುಣಸೆಮರಗಳ ಮಠದ ಬಯಲಿನಲ್ಲೊಬ್ಬರು, ಹಿರೇಕೆರೂರಿನ ಕೆರೆಯ ಏರಿಯ ಮೇಲೊಬ್ಬರು, ಹಾನಗಲ್ಲಿನ ಮಾಳಿಗೆಯಲ್ಲೊಬ್ಬರು, ಶಿಗ್ಗಾವಿಯಲ್ಲಿ ಹೆದ್ದಾರಿಗೆ ಬೆನ್ನು ಮಾಡಿ ಒಬ್ಬರು ಅದೇ ರಾತ್ರಿ ಅದೇ ಗ್ರಹಣವನ್ನು ಅಳೆದರೆ, ಒಂದೂರಿನ ಮೋಡಕ್ಕೆ ಇನ್ನೊಂದೂರಿನ ತಿಳಿಯಾಕಾಶ ಒದಗೀತು. ನಾಲ್ವರ ಅಂಕಿಗಳೂ ಹೊಂದದಿದ್ದರೆ ಹೊಂದದ್ದನ್ನು ಹಾಗೆಯೇ ಬರೆಯಲಿ.

ಆ ಹುಡುಗಿ ಫೆಬ್ರುವರಿಯ ಪರೀಕ್ಷೆಗಳು ಬರುವವರೆಗೆ ಹತ್ತೊಂಬತ್ತು ರಾತ್ರಿಗಳನ್ನು ಬರೆದಳು. ಅದರಲ್ಲಿ ಐದು ‘ಮೋಡ’, ಒಂದು ‘ಜ್ವರ’, ಒಂದು ‘ಅಕ್ಕನ ಮದುವಿ’. ಮೊದಲನೆಯ ಪುಟದಲ್ಲಿ ರಬ್ಬರಿನ ಕಲೆ ಇನ್ನೂ ಇದೆ. ಅದರ ಅಂಚಿನಲ್ಲಿ, ಉಜ್ಜಿಹೋದ ಚುಕ್ಕೆಗಳು ಎಲ್ಲಿದ್ದವೆಂಬುದನ್ನು ನೆನಪಿನಿಂದ ಹಾಕಿ, ‘ನೆನಪಿನಿಂದ’ ಎಂದು ಬರೆದಿದ್ದಾಳೆ. ಬರುವ ಫೆಬ್ರುವರಿಗೆ ಒಂದೇ ತೊಡಕು. ನಮ್ಮ ಬಗೆಯ ದೂರದರ್ಶಕದಲ್ಲಿ ಕಣ್ಣಿಡುವ ತೂತು ಕೊಳವೆಯ ಮೇಲ್ತುದಿಯಲ್ಲಿರುವುದರಿಂದ, ಗುರು ನೆತ್ತಿಗೆ ಬಂದು ಕೊಳವೆ ನೆಟ್ಟಗೆ ನಿಂತಾಗ ಅದು ಅವಳ ಕಣ್ಣಿಗೆ ಎಟುಕುತ್ತದೆ, ಅವಳ ತಮ್ಮನಿಗೆ ಎಟುಕದು. ಅವನೂ ಈಗ ಬರುತ್ತೇನೆಂದು ಹಟ ಹಿಡಿದಿದ್ದಾನೆ. ಒಂದು ಗೇಣು ಎತ್ತರದ ಮಣೆ ಮಾಡಿಕೊಡೆಂದು ಬಡಗಿಗೆ ಹೇಳಿ ಬಂದಿದ್ದೇನೆ.